ದುಧನಿ ದಾಟಿದರ

ಸೇಡಂ ರಸ್ತೆಯ ನಮ್ಮ ಮನೆಯ ಮ್ಯಾಲಿನ ಖೋಲಿಗೆ
ಬಾಡಿಗೆ ದಿನದ ಲೆಕ್ಕ.
ಎದುರಿಗೆ ಎದೆಯ ದವಾಖಾನೆ;
ಎಷ್ಟು ದಿನವೆಂದು ಬಂದವರೂ ಹೇಳಲಾರರು,
ನಾನೂ ಕೇಳುವುದಿಲ್ಲ.

ಈ ಸಲದವರು ಸೈಯೂನಿನವರು.
ಎಲ್ಲಿ ಬರುತ್ತದೆ ಅದು ಎಂದರೆ
ದುಭಾಷಿ ಹುಡುಗ ಮುಜೀಬ
ಗೋಡೆಯ ಕ್ಯಾಲೆಂಡರಿನ ಆಚೆಗೆ ಕೈ ಚಾಚಿದ:
ಯಮನ್, ಅಕ್ಕಾ, ಸಮುದ್ರದ ಆ ಕಡೆ.
ಮೂರು ವಿಮಾನ, ಒಂದು ರೈಲು, ಒಂದು ಆಟೋ.
ಅಪ್ಪ ಸಾಲ್ಮೀನ್ ಬಾವಜೀರ್,
ಮಗಳು ಅಬೀರ್, ಏಳು ವರ್ಷ,
ತುಟಿ ನೇರಳೆ ಹಣ್ಣು ತಿಂದಂತೆ.
ಕಾಲವಲ್ಲದ ಕಾಲದಲ್ಲಿ ಹಣ್ಣೆಲ್ಲಿ ಸಿಕ್ಕಿತು ಎಂದು
ನಾನು ಕೇಳಿಯೂಬಿಟ್ಟೆ.

ಇಲ್ಲಿಗೇ ಯಾಕೆ?
ಅವನ ಮುತ್ತಜ್ಜ ನಿಜಾಮನ ಫೌಜಿನಲ್ಲಿದ್ದನಂತೆ,
ಗುಲ್ಬರ್ಗಾ ಎಂಬ ಹೆಸರು ಮನೆಯಲ್ಲಿ ಉಳಿದಿತ್ತಂತೆ
ಮುಚ್ಚಳವಿಲ್ಲದ ಡಬ್ಬಿಯ ಹಾಗೆ.

ಫೌಜು ಎಂದದ್ದೇ
ಅತ್ತೆ ಕಾಶಮ್ಮ ಮಗ್ಗುಲು ಬದಲಿಸಿದಳು.
ತೊಂಬತ್ತು ದಾಟಿದವಳು.
ಒಂದು ಮಾತನ್ನು ಬಾಯಿತನಕ ತಂದು, ನುಂಗಿ,
ಬೇರೆಯದನ್ನು ತೆಗೆದಳು:

"ನಾನೂ ಹೋಗೀನಿ ತಮ್ಮಾ, ಬ್ಯಾರೆ ದೇಶಕ್ಕ,
ದವಾಖಾನಿಗಿ. ಸೊಲ್ಲಾಪುರಕ್ಕ."

ಮುಜೀಬ ನಕ್ಕ. ನಾನೂ ನಕ್ಕೆ.
ಸೊಲ್ಲಾಪುರ! ಚಾದರ ತರಲು ಹೋಗಿ
ಸಂಜೆಗೆ ಮರಳುವ ಊರು.

"ನಗಬ್ಯಾಡ್ರಿ. ಆವಾಗ ದುಧನಿ ದಾಟಿದರ
ರೊಕ್ಕ ಬ್ಯಾರೆ, ರಾಜ ಬ್ಯಾರೆ.
ನಮ್ಮ ಹಾಲಿ ಸಿಕ್ಕಾ ಅಲ್ಲಿ ನಡೀತಿದ್ದಿಲ್ಲ.
ಅಪ್ಪ ಬೆಳ್ಳಿ ಉಡದಾರ ಮಾರಿ ತಂದ ರೂಪಾಯಿ
ಬದಲ ಮಾಡಿಸಿದರ
ಬಟ್ಟಾ ಅಂತ ಮುರಕೊಂಡರು.
ಕರೋಡಗಿರಿ ನಾಕಾದಾಂವ ಗಂಟು ಬಿಚ್ಚಿಸಿದ,
ಕಟಕ ರೊಟ್ಟಿ, ಶೇಂಗಾ ಹಿಂಡಿ.
ಆಮ್ಯಾಲ ನನ್ನ ಕುತ್ತಿಗಿ ಗಡ್ಡಿ ನೋಡಿ
'ಇದರಾಗೇನದ?' ಅಂದ.
ಅಪ್ಪ ಅಂದ, 'ಸಾಹೇಬರೇ, ಸುಂಕ ಕೊಡ್ತೀನಿ,
ಇದನ್ನ ನೀವೇ ಇಟ್ಕೋರಿ.'"

ಮುಜೀಬ ಎಲ್ಲವನ್ನೂ ಅರಬ್ಬಿಗೆ ದಾಟಿಸಿದ,
ಸುಂಕದ ಹತ್ತಿರ ತಡವರಿಸಿದ.
ಸಾಲ್ಮೀನ್ ಮೊದಲ ಸಲ ನಕ್ಕ,
ನಾವೆಲ್ಲ ನಕ್ಕು ಮುಗಿಸಿದ ಮೇಲೆ,
ಒಬ್ಬನೇ.

ಹದಿನೆಂಟು ದಿನದ ಮೇಲೆ
ಅಬೀರ್ ಮೆಟ್ಟಿಲು ತಾನೇ ಇಳಿದು ಬಂದಳು.
ಅಂಗಿಯ ಗುಂಡಿ ಬಿಚ್ಚಿ ತೋರಿಸಿದಳು.
ಕಾಶಮ್ಮ ಸೆರಗು ಸರಿಸಿ ಕುತ್ತಿಗೆಯದನ್ನು ತೋರಿಸಿದಳು.
ಹುಡುಗಿ ಅಳೆದಳು:
ಮುದುಕಿಯದು ಎರಡು ಬೆರಳು, ತನ್ನದು ಒಂದು ಗೇಣು.
ಗೆದ್ದೆನೆಂದು ಕುಣಿಯಹೋಗಿ
ಎದೆ ಹಿಡಿದು ನಿಂತಳು.
ಆಮೇಲೆ ಮೆಲ್ಲಗೆ ಕುಣಿದಳು, ಕೈಯಲ್ಲಿ ಮಾತ್ರ.

ಹೊರಡುವ ದಿನ ನನಗೆ ಮಾತು ಸಿಕ್ಕಲಿಲ್ಲ.
ಹೊರಟವರಿಗೆ ನಾವು ಹೇಳುವುದೊಂದೇ,
ಹೋಗಿ ಬರ್ರಿ.
ದವಾಖಾನೆಯ ಎದುರಿನ ಮನೆಯವಳು
ಅದನ್ನು ಹೇಗೆ ಹೇಳಬೇಕು?
ಇಪ್ಪತ್ತು ವರ್ಷದಿಂದ
ಬರೀ 'ಹೂಂ' ಎಂದು ಕಳಿಸಿದ್ದೇನೆ.

ಆಟೋದೊಳಗಿಂದ ಹುಡುಗಿ
ಕಲಿತ ಒಂದೇ ಮಾತನ್ನು ಎಸೆದಳು: "ಬರ್ತೀನ್ರಿ!"

"ಬರಬ್ಯಾಡ!" ಎಂದಳು ಕಾಶಮ್ಮ, ಹೊರಸಿನ ಮೇಲಿಂದ,
ಇಡೀ ಓಣಿಗೆ ಕೇಳುವ ಹಾಗೆ.
ಮುಜೀಬ ನನ್ನ ಮುಖ ನೋಡಿದ,
ಇದನ್ನು ದಾಟಿಸಲೋ ಬೇಡವೋ.

ಸಂಜೆ ಖೋಲಿ ಗುಡಿಸಿದೆ.
ಗೂಡಿನಲ್ಲಿ ಒಂದು ಪೊಟ್ಟಣ ಉಳಿದಿತ್ತು,
ಕಾಫಿಯ ಹೊಟ್ಟು, ಒಣಶುಂಠಿಯ ವಾಸನೆ.
ಮೂಸಿ ನೋಡುತ್ತಿದ್ದೆ.
ಕೆಳಗಿಂದ ಯಾರೋ ಕೂಗಿದರು, ಚಿತ್ತಾಪುರದವರು:
"ಖೋಲಿ ಅದೇನ್ರೀ?"