ನಾಕನೇ ಹಲಗಿ

ಜಲೀಲ್ ಮಾಸ್ತರು ನಮ್ಮನ್ನ ಮೊದಲ ದಿನ ನೀರಿಗೆ ಒಯ್ಯಲಿಲ್ಲ,
ತೊಗರಿ ಮಿಲ್ಲಿನ ಕಾಟಾಕ್ಕ ಒಯ್ದರು.
ಚೀಲ ತೂಗೋ ಕಬ್ಬಿಣದ ತಗಡಿನ ಮ್ಯಾಲ
ಚಪ್ಪಲಿ ಬಿಟ್ಟು ಒಬ್ಬೊಬ್ಬರೇ ನಿಂತಿವಿ.
ಹಮಾಲ ಗುಂಡಪ್ಪ ನಗಿ ನುಂಗಿ ಬರಕೊಂಡ:
ಅರವತ್ತೊಂದು. ಎಪ್ಪತ್ತು. ನಲವತ್ತೆಂಟು.
ನಂದು ಅರವತ್ತೇಳೂವರಿ.
ಇಪ್ಪತ್ತು ಮಂದ್ಯಾಗ ಅಷ್ಟೇ ತೂಕದಾಕಿ
ಇನ್ನೊಬ್ಬಾಕಿ ಇದ್ದಳು.
ಆಕಿ ಸುಗಲಾಬಾಯಿ.

ಒಂದೇ ಓಣಿ, ಎರಡು ರೊಟ್ಟಿ ಕೇಂದ್ರ.
ನಾ ರೊಟ್ಟಿಗೆ ಎಂಟು ರೂಪಾಯಿ ಅಂತ ಬರಸಿದ ವಾರಕ್ಕ
ಆಕಿ ಬೋರ್ಡ್ ತೊಳದು ಏಳು ಬರಸಿದಳು.
ಅವತ್ತಿನಿಂದ ಮೂರು ವರ್ಷ ಮಾತಿಲ್ಲ.
ಬರೇ ಬಡಿಯೋ ಸಪ್ಪಳ,
ಗ್ವಾಡಿ ಆ ಕಡಿ ಆಕಿ, ಈ ಕಡಿ ನಾ,
ಯಾರ ಕೈ ಮೊದಲು ನಿಂದರತದ ಅಂತ
ಕಿವಿ ಕೊಟ್ಟಕೋತ.

"ಡ್ರ್ಯಾಗನ್ ದೋಣ್ಯಾಗ ಜೋಡಿ ಅಂದ್ರ ತೂಕ," ಅಂದ್ರು ಮಾಸ್ತರು,
"ಪ್ರೀತಿ ಬ್ಯಾರೆ ಖಾತೆ."
ಹತ್ತು ಹಲಗಿ, ಹಲಗಿಗೆ ಇಬ್ಬರು.
ಎಡಕ್ಕ ನಾ, ಬಲಕ್ಕ ಆಕಿ.

ನಸುಕಿನ್ಯಾಗ ಅಪ್ಪನ ಕೆರಿ
ಈಗಷ್ಟೇ ಹಾಕಿದ ಸಿಮೆಂಟಿನಂಗ ಸುಮ್ಮ ಬಿದ್ದಿತ್ತು,
ಹೆಜ್ಜಿ ಇಡಲಾಕ ಮನಸು ಬರವಲ್ದು.
ದೋಣಿಯ ಮಾರಿ ಬರದಾಂವ
ಲಾರಿಗೆ ಬಣ್ಣ ಬಳಿಯೋ ಭೀಮಶಾ.
ಡ್ರ್ಯಾಗನ್ ಅಂದ್ರ ಏನಂತ ಅವಗ ಯಾರು ಹೇಳ್ಯಾರ?
ಕೋಡು ಇಟ್ಟ, ಮೀಸಿ ತಿರುವಿದ, ಹಣಿಗೆ ಕುಂಕುಮ ಹಚ್ಚಿದ,
ರೂಢಿ ತಪ್ಪದೆ ಹಿಂದ "ಮತ್ತೆ ಸಿಗೋಣ" ಅಂತ ಬರದ.
ಮಾಸ್ತರು ಬೈದಾಗ ಅಳಿಸಲಾಕ ಹ್ವಾದ,
ಥಿನ್ನರ್ ಅರ್ಧಕ್ಕೇ ತೀರಿತು.
"ಸಿಗೋಣ" ಹಂಗೇ ಉಳದದ.

ಮ್ಯಾಲಿನ ಕೈ ಹುಟ್ಟಿನ ನೆತ್ತಿಗೆ, ಕೆಳಗಿನ ಕೈ ಅದರ ಕೊರಳಿಗೆ.
ಅಲಗು ಪೂರಾ ಮುಳುಗಲಿ, ಆಮ್ಯಾಲ ಎಳಿ.
ಟೊಂಕದ ತನಕ ಬಂದಕೂಡಲೆ ತಗಿ, ಆಸಿ ಮಾಡಬ್ಯಾಡ.
ಮತ್ತ ಇದೆಲ್ಲ ತೋಳಿನಿಂದ ಅಲ್ಲ, ಬೆನ್ನಿನಿಂದ.
ನಾ ಒಳಗೇ ನಕ್ಕೆ.
ದಿನಾ ನಾಕುನೂರು ರೊಟ್ಟಿ ಬಡಿಯಾಕಿ ನಾ,
ತೋಳಿನ ಸುದ್ದಿ ನನಗ ಹೇಳತಾರ!
ಹದಿನೈದು ಏಟಿಗೆ ಕೆರಿ ನನ್ನ ತೋಳು ತಿಂದು ಮುಗಿಸಿ
"ಬೆನ್ನು ಎಲ್ಲದ?" ಅಂತ ಕೇಳಿತು.

ತಲಿ ಕಡಿ ಕುಂತು, ನಮ್ಮ ಕಡಿ ಮಾರಿ ಮಾಡಿ
ಎಂಟನೇತ್ತೆ ಹುಡುಗಿ ಮಿಸ್ಬಾ, ಮೂವತ್ತೆರಡು ಕಿಲೋ,
ಹಲಗಿ ಬಾರಸ್ತಾಳ.
ಹಲಗಿ ಮ್ಯಾಲ ಕುಂತವರಿಗೆ ಹಲಗಿ ಕೇಳಿಸವಲ್ದು.
ಇಪ್ಪತ್ತು ಹುಟ್ಟು ಇಪ್ಪತ್ತು ಥರ ಬಿದ್ದು
ಮದುವಿಮನ್ಯಾಗ ಪಾತ್ರಿ ಉರುಳಿದಂಗ ಆಯಿತು.
ಹಿಂದಿನಾಕಿ ಹುಟ್ಟು ನನ್ನ ಡುಬ್ಬಕ್ಕ,
ನನ್ನ ನೀರು ಮುಂದಿನಾಕಿ ಜಡಿಗೆ.
ದಂಡಿ ಮ್ಯಾಲ ವಾಕಿಂಗ್ ಬಂದವರು ನಿಂತು ಮೊಬೈಲ್ ಹಿಡದರು.

"ನಿಮ್ಮ ಹುಟ್ಟು ನೋಡಬ್ಯಾಡ್ರಿ! ನೀರು ನೋಡಬ್ಯಾಡ್ರಿ!"
ಮಾಸ್ತರು ಚುಕ್ಕಾಣಿ ಕಡಿಯಿಂದ ಒದರಿದರು.
ಮತ್ತೇನು ನೋಡಬೇಕು? ಕಣ್ಣು ಮುಚ್ಚಿದೆ.

ಆಗ ಬಲಗಡಿಯಿಂದ ಬಂತು ಆ ಸಪ್ಪಳ.
ಥಪ್. ಥಪ್. ನಡುವ ಒಂದು ಅರ್ಧ ಉಸಿರು.
ರೊಟ್ಟಿ ತಿರುವೋ ಮುಂಚೆ ಸುಗಲಾಬಾಯಿ
ಅಷ್ಟೇ ಅಷ್ಟು ತಡೀತಾಳ.
ಗ್ವಾಡಿ ದಾಟಿ ಮೂರು ವರ್ಷ ಕೇಳೇನಿ,
ಆಕಿ ಗಂಡಗೂ ಇದು ಗೊತ್ತಿರಲಿಕ್ಕಿಲ್ಲ.
ಆ ಅರ್ಧ ಉಸಿರಿಗೆ ನನ್ನ ಹುಟ್ಟು ತಾನೇ ಹೋಗಿ ಕುಂತಿತು.
ನೀರು ಮೊದಲ ಸಲ
ಹದವಾದ ಹಿಟ್ಟಿನಂಗ ಕೈಗೆ ಬಂತು.

"ನಾಕನೇ ಹಲಗಿ! ಎಲ್ಲರೂ ನಾಕನೇ ಹಲಗಿ ಹಿಡೀರಿ!
ಯಾರು ಕಲಿಸ್ಯಾರ್ರಿ ನಿಮಗ?"
ಇಬ್ಬರೂ ಬಾಯಿ ಬಿಡಲಿಲ್ಲ.
ಮುಂದ ಮೂವತ್ತು ಮಾರಿನಷ್ಟು, ಬರೇ ಮೂವತ್ತು,
ದೋಣಿ ಖರೇನೇ ಓಡಿತು.
ಆಮ್ಯಾಲ ಮತ್ತ ಪಾತ್ರಿ ಉರುಳಿದವು.

ದಂಡಿ ಹತ್ರ ಬರುವಾಗ ಆಕಿ ಅಂದಳು,
ಮೂರು ವರ್ಷದಾಗ ಮೊದಲ ಮಾತು:
"ಆ ಕಡಿ ಸರಿ. ವಾಲತದ."
ಸರಿದೆ.

ಬೋರ್ಡ್ ಮ್ಯಾಲ ಇನ್ನೂ ಏಳು ಅದ. ನಂದು ಎಂಟೇ.
ಮಧ್ಯಾಹ್ನ ಒಲಿ ಮುಂದ ಕುಂತರ
ತೋಳು ಏಳವಲ್ದು, ಬೆನ್ನು ಬಾಗವಲ್ದು.
ಗ್ವಾಡಿ ಆ ಕಡಿ ಸಪ್ಪಳ ನಿಂತಿತ್ತು.
ಈ ಕಡೀನೂ.
ಯಾರದು ಮೊದಲು ನಿಂತಿತೋ, ದೇವರಾಣೆ, ಗೊತ್ತಾಗಲಿಲ್ಲ.
ಡಬ್ಬಿ ಹಿಡಕೊಂಡು ಬಂದ ಹುಡುಗ ಕೇಳಿದ:
"ರೊಟ್ಟಿ ಇಲ್ಲೇನ್ರಿ ಅಕ್ಕಾ, ಎರಡೂ ಕಡಿ?"