ಅರವ್

ನಾಲ್ಕು ಪಿನ್ನು. ಎದೆಯ ಮೇಲೆ ಮುನ್ನೂರ ಹದಿನೇಳು.
ಚಾಪೆಲ್ಲಿನ ಹಜಾರದಲ್ಲಿ ಟೆಗ್ವೆನ್ ಬಗ್ಗಿ ನನ್ನ ಬೂಟು ನೋಡಿ ನಕ್ಕಳು:
"ಹಲ್ಲಿರುವ ಬೂಟು! ರಸ್ತೆಯನ್ನೇನು ಕಚ್ಚುತ್ತೀಯಾ?"
ನನ್ನ ಬಳಿ ಇರುವುದು ಇದೊಂದೇ ಜೊತೆ.
ಅಟ್ಟೆಯ ಸಂದಿಯಲ್ಲಿ ಇನ್ನೂ ಕಳೆದ ವಾರದ ಜೌಗು,
ಒಣಗಿದ ಕುರಿಹಿಕ್ಕೆ,
ಬೆಟ್ಟದ ಒಂದು ಚಿಟಿಕೆ.

ವಾರದ ಐದು ದಿನ ಶಾಲೆಯ ಅಡುಗೆಮನೆಯಲ್ಲಿ
ಇನ್ನೂರು ಮಕ್ಕಳಿಗೆ ಆಲೂಗಡ್ಡೆ ಹಿಸುಕುವವಳು ನಾನು.
ಆರನೆಯ ದಿನ ಬೆಟ್ಟಕ್ಕೆ ಓಡುತ್ತೇನೆ.
ಓಟವೆಂದರೆ ಅಂಥ ಓಟವೇನಲ್ಲ:
ಒಂದಿಷ್ಟು ಓಟ, ಒಂದಿಷ್ಟು ಏದುಸಿರು, ಒಂದಿಷ್ಟು ಬ್ಲಾಕ್‌ಬೆರಿ.
ಅಲ್ಲಿ ಹೆಜ್ಜೆಹೆಜ್ಜೆಗೂ ನೆಲ ಬೇರೆ ಪ್ರಶ್ನೆ ಕೇಳುತ್ತದೆ,
ಕಲ್ಲೋ? ಕೆಸರೋ? ಬೇರೋ? ಬಿಲವೋ?
ಪಾದ ತಾನೇ ಉತ್ತರ ಹೇಳಿ ಮುಂದೆ ಹೋಗುತ್ತದೆ,
ನನ್ನನ್ನು ಕೇಳುವುದೂ ಇಲ್ಲ.

ಡಾಂಬರು ಹಾಗಲ್ಲ.
ಡಾಂಬರಿಗೆ ಬರುವುದು ಒಂದೇ ಮಾತು. ಅದನ್ನೇ
ಮೊಣಕಾಲಿಗೆ ಹೇಳುತ್ತದೆ, ಸೊಂಟಕ್ಕೆ ಹೇಳುತ್ತದೆ,
ಹಾಡಿದ್ದೇ ಹಾಡುವ ಕಿಸುಬಾಯಿ ದಾಸ.

ಮೊದಲ ಏರಿನಲ್ಲೇ ಹಿಂದಿನವರೆಲ್ಲ ಮುಂದಿನವರಾದರು.
ಕಡ್ಡಿಕಾಲಿನ ಹುಡುಗರು, ಹಲ್ಲಿನ ಡಾಕ್ಟರು,
ತಳ್ಳುಗಾಡಿಯಲ್ಲಿ ಮಗುವನ್ನು ತಳ್ಳುತ್ತ ಒಬ್ಬ ತಂದೆ.
ಮಗು ತಿರುಗಿ ನನ್ನತ್ತ ಬಿಸ್ಕತ್ತು ಚಾಚಿತು.
ಕೊಡಲಿಲ್ಲ.

ನಮ್ಮ ವೇಲ್ಸಿನ ರಸ್ತೆಗಳಿಗೆ ಅಕ್ಷರ ಬರುತ್ತದೆ.
ಪ್ರತಿ ತಿರುವಿನಲ್ಲೂ ಆಳುದ್ದ, ಬಿಳಿ ಬಣ್ಣದಲ್ಲಿ:
ಅರವ್. ಅಂದರೆ ನಿಧಾನ.
ಅದರ ಕೆಳಗೆ ಇಂಗ್ಲಿಷಿನಲ್ಲೂ ಅದೇ, ನಿಧಾನ.
ಕಾರಿನವರಿಗೆ ಬರೆದದ್ದು, ಗೊತ್ತು.
ಆದರೂ ಮೈಲಿಗಟ್ಟಲೆ, ಎರಡೆರಡು ಭಾಷೆಯಲ್ಲಿ,
ಮುಖಕ್ಕೆ ಹೊಡೆದ ಹಾಗೆ ಹೇಳಿಸಿಕೊಂಡರೆ
ಯಾರಿಗಾದರೂ ಅನ್ನಿಸುತ್ತದೆ:
ಆಯಿತಪ್ಪ, ತಿಳಿಯಿತು.

ಎಂಟನೆಯ ಮೈಲಿ.
ಎಡಕ್ಕೆ ಬೇಲಿ, ಬೇಲಿಯಲ್ಲಿ ಹಲಗೆಯ ತಡಮೆ,
ಅದರಾಚೆ ಜರಿಗಿಡಗಳ ನಡುವೆ ನನ್ನ ದಾರಿ.
ಅದು ಹೋಗಿ ಬೀಳುವುದು ಚಾಪೆಲ್ಲಿನ ಹಿತ್ತಿಲಿಗೇ.
ರಸ್ತೆ ಬೆಟ್ಟವನ್ನು ಬಳಸಿ ಬಳಸಿ ಸವೆಸುವ ಐದು ಮೈಲಿಯನ್ನು
ಅದು ಒಂದೂವರೆಯಲ್ಲಿ ಮುಗಿಸುತ್ತದೆ.
ಕಾಲು ಆಗಲೇ ಎಡಕ್ಕೆ ವಾಲಿತ್ತು. ಆಣೆ, ನಾನಲ್ಲ, ಕಾಲು.
ತಡಮೆಗೆ ಅಡ್ಡವಾಗಿ ಮಡಚುವ ಕುರ್ಚಿ ಹಾಕಿ
ಹಳದಿ ಅಂಗಿಯ ಇಡ್ವಾಲ್ ಕೂತಿದ್ದ,
ತೊಡೆಯ ಮೇಲೆ ಕಿತ್ತಳೆ ಹೋಳಿನ ತಟ್ಟೆ.
"ಇಲ್ಲಿಗೆ ಕಾವಲು ಬೇಡ ಅಂದರು ಕಮಿಟಿಯವರು.
ಬೇಕು ಅಂದೆ. ನೀನೂ ಓಡುತ್ತೀಯ ಅಂತ ಕೇಳಿದ್ದೆನಲ್ಲ."
ಎರಡು ಹೋಳು ತಿಂದೆ. ಸಿಪ್ಪೆ ಅವನ ಕೈಗಿಟ್ಟೆ.
ಬಲಕ್ಕೆ ಹೋದೆ.

ಇಳಿಜಾರಾದರೂ ನನ್ನದು ಅಂದುಕೊಂಡಿದ್ದೆ.
ಬೆಟ್ಟದಲ್ಲಿ ಇಳಿಯುವಾಗ ನಾನು ನೀರು;
ಇಲ್ಲಿ ಮೆಟ್ಟಿಲಿನಿಂದ ಉರುಳಿದ ಪಾತ್ರೆ,
ದಡ್, ದಡ್, ದಡ್,
ಪ್ರತಿ ಏಟಿಗೂ ಹೆಬ್ಬೆರಳಿನ ಉಗುರು ಬೂಟಿನ ಗೋಡೆಗೆ.
ಕಲ್ಲುಗೋಡೆಯಾಚೆ ಒಂದು ಟಗರು
ಮೆಲುಕು ನಿಲ್ಲಿಸಿ ನೋಡಿತು.
ವಾರವಾರವೂ ಬೆಟ್ಟದಲ್ಲಿ ಎದುರಾಗುವ ಮುಖ.
ಗುರುತು ಹತ್ತಲಿಲ್ಲ ಅದಕ್ಕೆ.

ಎರಡು ಗಂಟೆ ಐವತ್ತೆರಡು ನಿಮಿಷ.
ಗಡಿಯಾರದ ಹುಡುಗ ಆಗಲೇ ಮೇಜು ಮಡಚುತ್ತಿದ್ದ.
ಟೆಗ್ವೆನ್ ಚಹಾ ಕೊಟ್ಟಳು, ಒಣದ್ರಾಕ್ಷಿಯ ಬ್ರೆಡ್ಡಿಗೆ
ಬೆಣ್ಣೆಯನ್ನು ಗಾರೆಯ ಹಾಗೆ ಮೆತ್ತಿ ಕೊಟ್ಟಳು.
ನನ್ನ ಹಿಂದೆ ಇನ್ನೊಬ್ಬರಿದ್ದರಂತೆ. ಯಾರೆಂದು ಕೇಳಲಿಲ್ಲ.
ಇದ್ದರಲ್ಲ.

ಸಂಜೆ ಇಡ್ವಾಲನ ಫೋನು: ಕುರ್ಚಿ ಅಲ್ಲೇ ಮರೆತೆ.
ನಾನು ತರುತ್ತೇನೆ ಅಂದದ್ದು ಯಾಕೋ.
ಹಿತ್ತಿಲ ದಾರಿ ಹಿಡಿದೆ, ತೊಂಬತ್ತರ ಮುದುಕಿಯ ಹಾಗೆ,
ಇಳಿಯಬೇಕಾದಲ್ಲಿ ಬೆನ್ನು ಮುಂದು ಮಾಡಿ ಇಳಿಯುತ್ತ.
ಕೆಸರು ತಣ್ಣಗೆ ಬೂಟಿನ ಹಲ್ಲುಗಳ ನಡುವೆ ಹೊಕ್ಕಿತು.
ಒಂದೂವರೆ ಮೈಲಿಗೆ ಒಂದು ಗಂಟೆ.

ತಡಮೆ ದಾಟಿ ಕುರ್ಚಿಯಲ್ಲಿ ಕೂತೆ.
ಕೆಳಗೆ ತಿರುವು. ಇಲ್ಲಿಂದ ಅಕ್ಷರಗಳು ತಲೆಕೆಳಗು,
ಬೇರೆ ಯಾರಿಗೋ ಬರೆದ ಕಾಗದದಂತೆ.
ಒಂದು ಟ್ರ್ಯಾಕ್ಟರು ಬಂತು, ಅವುಗಳ ಮೇಲೇ ಹಾದುಹೋಯಿತು,
ನಿಧಾನವಾಗೇನೂ ಅಲ್ಲ.
ತಟ್ಟೆಯಲ್ಲಿ ಒಂದು ಹೋಳು ಉಳಿದಿತ್ತು, ಇರುವೆ ಮುತ್ತಿ.
ಕತ್ತಲಾಗುವವರೆಗೂ ಏಳಬೇಕೆನ್ನಿಸಲಿಲ್ಲ,
ಆಮೇಲೆ ಏಳಲು ಆಗಲೂ ಇಲ್ಲ.