ಬಲಗೈ ಹೆಬ್ಬೆರಳು

ತೈವಾನಿನ ಜೂಬೇ. ಆರನೇ ಮಹಡಿಯಲ್ಲಿ ಒಂದು ಒಲೆ,
ಎಂಬತ್ತೈದು ಡಿಗ್ರಿ. ಬೇಯುವುದು ಏನೂ ಇಲ್ಲ.
ನಲವತ್ತು ಚಿಪ್‌ಗಳು ಒಳಗೆ ಬರೆಸಿಕೊಳ್ಳುತ್ತ, ಅಳಿಸಿಕೊಳ್ಳುತ್ತ
ತಮ್ಮ ಮುಪ್ಪಿನ ಕಡೆಗೆ ಓಡುತ್ತಿವೆ.
ಪೆಂಗ್ ರುಯಿಯಿನ್ ಅವುಗಳ ಲೆಕ್ಕದವಳು.

ಇದು ಸ್ಲೇಟಲ್ಲ, ಉಗುಳು ಹಚ್ಚಿ ಒರೆಸಿ
ಅದೇ ಜಾಗದಲ್ಲಿ ತಿದ್ದಲು.
ಒಂದಕ್ಷರ ಬದಲಾದರೂ ಹೊಸ ಪುಟ ಬೇಕು,
ಹಳೆಯದರ ನೆತ್ತಿಗೆ ಸುಳ್ಳೆಂಬ ಗುರುತು.
ಸುಳ್ಳು ತುಂಬಿದ ಓಣಿಯಲ್ಲಿ
ಇನ್ನೂ ನಿಜವಾಗಿರುವ ನಾಲ್ಕು ಮನೆಯವರನ್ನು
ಗಂಟುಮೂಟೆ ಸಮೇತ ಬೇರೆಡೆ ಕಳಿಸಿ
ಇಡೀ ಓಣಿಯನ್ನೇ ಒಮ್ಮೆಗೆ ತೊಳೆಯಬೇಕು.
ತೊಳೆದಷ್ಟೂ ಗೋಡೆ ಸೋರುತ್ತದೆ.
ಮೂರು ಸಾವಿರ ಸಲ. ಆಮೇಲೆ ಅಕ್ಷರ ನಿಲ್ಲುವುದಿಲ್ಲ.

ಅದಕ್ಕೇ ಸರದಿ.
ಫೈಲ್ ಸಿಸ್ಟಂ ‘ಏಳನೇ ಮನೆ’ ಎನ್ನುತ್ತದೆ,
ಕಂಟ್ರೋಲರ್ ಹೂಂಗುಟ್ಟಿ ಎಲ್ಲಿಗೋ ಒಯ್ಯುತ್ತದೆ
ಕಡಿಮೆ ದಣಿದ ಹೆಗಲು ಹುಡುಕಿ.
ಏಳು ಎಂಬುದು ಈಗ ಬರೀ ಹೆಸರು.
ಅಳಿಸಿದ್ದರೆ ಹೇಳಿಬಿಡಿ ಮಾರಾಯರೇ, ಎನ್ನುತ್ತದೆ ಅದು,
ಸತ್ತವರನ್ನೂ ಹೊತ್ತು ತಿರುಗುತ್ತಿದ್ದೇನೆ.

ಕಷ್ಟ ಕೊಡುವವರು ಕದಲದವರು.
ಯಾರದೋ ಮದುವೆಯ ಚಿತ್ರ, ಎಂಟು ವರ್ಷದಿಂದ ಯಾರೂ ತೆರೆಯದ್ದು,
ಹೊಚ್ಚಹೊಸ ಜಾಗದಲ್ಲಿ ಕಾಲು ಚಾಚಿ ಮಲಗಿರುತ್ತದೆ.
ಅದನ್ನು ಎಬ್ಬಿಸಿ, ಸವೆದ ಮೂಲೆಗೆ ದಾಟಿಸಿ
ಆ ಎಳೆಯ ಜಾಗವನ್ನು ದುಡಿಮೆಗೆ ಹಚ್ಚುವ ಹದಿನೆಂಟು ಸಾಲು
ರುಯಿಯಿನ್ ಬರೆದದ್ದು.
ಅದರ ಬಗ್ಗೆ ಸಣ್ಣ ಜಂಬ.

ಶನಿವಾರ, ಒಂಬತ್ತನೇ ತಿಂಗಳ ಗಾಳಿ.
ಶಿನ್‌ಪುವಿನಲ್ಲಿ ಸೋದರತ್ತೆ ಲಾನ್‌ಮೇಯ್
ಬಿದಿರ ತಟ್ಟೆಯ ಮೇಲಿನ ಪರ್ಸಿಮನ್ ಹಣ್ಣುಗಳನ್ನು
ಒಂದೊಂದಾಗಿ ಹೆಬ್ಬೆರಳಲ್ಲಿ ಒತ್ತುತ್ತಾಳೆ,
ಒಗರು ಇಳಿಯಲೆಂದು. ನಲವತ್ತೊಂದು ವರ್ಷ.
ಹೊಸ ಫೋನು ಆ ಬೆರಳನ್ನು ಒಪ್ಪಲಿಲ್ಲ;
ಗೆರೆಯೇ ಇಲ್ಲ, ನುಣ್ಣಗೆ, ನದಿಯ ಕಲ್ಲಿನ ಹಾಗೆ.

‘ಎಡಗೈಗೂ ಅರ್ಧ ಕೊಡಿ, ಅತ್ತೆ’
ಎಂದಳು ರುಯಿಯಿನ್, ತನ್ನ ಕಸುಬಿನ ದನಿಯಲ್ಲಿ.
ಅತ್ತೆ ಎಡಗೈಯಲ್ಲಿ ಒಂದನ್ನು ಒತ್ತಿದಳು.
ಸೀಳಿತು.
‘ಎಲ್ಲಿ ನಿಲ್ಲಬೇಕೆಂದು ಇದಕ್ಕೆ ಗೊತ್ತಿಲ್ಲ ಕಣೇ.’
ಸೀಳಿದ್ದನ್ನು ಇಬ್ಬರೂ ತಿಂದರು. ಇನ್ನೂ ಒಗರು.
ಫೋನು ತೆರೆಯಲು ಮಾತ್ರ ಎಡಗೈ ಸಾಕಾಯಿತು.

ಸೋಮವಾರ ಬೆಳಿಗ್ಗೆ ಒಲೆಯೊಳಗೆ
ಒಂದು ಸಾವಿರದ ಒಂಬೈನೂರ ಎರಡನೆಯ ಬ್ಲಾಕು ಕೈಚೆಲ್ಲಿತ್ತು.
ಅದಕ್ಕೆ ಗುರುತು ಹಾಕಿ, ಮೀಸಲಿಟ್ಟವುಗಳಲ್ಲಿ ಒಂದನ್ನು ಕರೆದಾಗಿತ್ತು.
ಅದು ಏನನ್ನೂ ಕಲಿತಿರಲಿಲ್ಲ.
ಕಲಿತಿರಬೇಕೆಂದು ಯಾರೂ ಕೇಳಿರಲಿಲ್ಲ.
ರುಯಿಯಿನ್ ಆ ಸಾಲನ್ನು ಎರಡು ಸಲ ಓದಿದಳು,
ಬಲಗೈ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತ.